ಮಗಳಿಗೊಂದು ಪತ್ರ: ಕಾಟನ್ ಟೇಪಿನ ಲೆಕ್ಕ

ತಿಪಟೂರು
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ತಾತನ ಹಾಲುತುಪ್ಪದ ದಿನ ಫೋನಿನಲ್ಲಿ ನಾನು ನಿನಗೆ, "ಬರುವ ಮನಸ್ಸಿದ್ದವರು ಹೇಗಾದರೂ ಬರುತ್ತಾರೆ" ಎಂದೆ. ಏಳು ತಿಂಗಳ ಬಸುರಿ ಅಷ್ಟು ದೂರ ವಿಮಾನದಲ್ಲಿ ಕುಳಿತು ಬರಕೂಡದೆಂದು ಟೊರಾಂಟೊದ ಡಾಕ್ಟರು ಹೇಳಿದ್ದು ನನಗೆ ಗೊತ್ತಿತ್ತು, ಗೊತ್ತಿದ್ದೂ ಅಂದೆ. ನೀನು ಫೋನಿಟ್ಟದ್ದರಲ್ಲಿ ತಪ್ಪೇನೂ ಇಲ್ಲ. ನಿನ್ನೆ ತಿಥಿ ಮುಗಿಯಿತು, ಬಂದವರೆಲ್ಲ ಹೊರಟುಹೋದರು, ನಿನ್ನಮ್ಮ ಬಾಡಿಗೆ ಪಾತ್ರೆಗಳನ್ನು ಎಣಿಸಿ ಒಪ್ಪಿಸಿ ಈಗಷ್ಟೇ ಮಲಗಿದ್ದಾಳೆ. ಬಾಯಲ್ಲಿ ಹೇಳಲು ಹೋದರೆ ಮತ್ತೆ ಜಗಳವಾದೀತೆಂಬ ಭಯದಿಂದ ಬರೆಯುತ್ತಿದ್ದೇನೆ.

ಬೀದಿಯ ಮೂಲೆಯಲ್ಲಿ ಕಟ್ಟಿದ ಫ್ಲೆಕ್ಸಿನಲ್ಲಿ ತಾತನ ಫೋಟೋದ ಕೆಳಗೆ "ಮಾಜಿ ಯೋಧರು, ಹಿರಿಯ ವರ್ತಕರು, ಆದರ್ಶ ಪತಿ" ಎಂದು ಅಚ್ಚು ಹಾಕಿಸಿದ್ದರು. ಮಾಜಿ ಸೈನಿಕರ ಸಂಘದ ನಾಲ್ವರು ಬಂದು ಹೂವಿಟ್ಟು ಸೆಲ್ಯೂಟ್ ಹೊಡೆದರು. ಅವರಲ್ಲೊಬ್ಬರಿಗೆ ಕೈ ಮೇಲೆತ್ತಲೂ ಕಷ್ಟವಾಗುತ್ತಿತ್ತು. ಮಾತಾಡಿದವರೆಲ್ಲ ಮೊದಲ ಎರಡರ ಬಗ್ಗೆ ಮಾತಾಡಿದರು. ಮೂರನೆಯದನ್ನು ಕಣ್ಣಾರೆ ಕಂಡವನು ಆ ಸಭೆಯಲ್ಲಿ ನಾನೊಬ್ಬನೇ, ನನಗೆ ಮಾತೇ ಹೊರಡಲಿಲ್ಲ.

ಕೆರೆ ಏರಿಯ ಮೇಲೆ ಅವರು ನಿನಗೆ ಸೈಕಲ್ ಕಲಿಸಿದ್ದು, ಮಿಲಿಟರಿ ಕ್ಯಾಂಟೀನಿನ ಟ್ರಂಕು, ದಸರಾ ರಜೆಗಳು, ಇವನ್ನೆಲ್ಲ ನಾನು ಬರೆಯುವುದಿಲ್ಲ. ಅವು ನನಗಿಂತ ನಿನಗೇ ಚೆನ್ನಾಗಿ ನೆನಪಿವೆ. 1953ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಎರಡು ಹೊತ್ತು ಊಟ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಅವರು ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ, ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ಭರ್ತಿಯಾದರು. ಬೇರೆ ಪಲ್ಟನ್ನಿನವರು ಇವರನ್ನು 'ತಂಬಿ'ಗಳೆಂದು ಕರೆಯುತ್ತಿದ್ದುದನ್ನೂ, ಮುಳ್ಳುತಂತಿಯ ಬೇಲಿ ಸಿಡಿಸುವ 'ಬೆಂಗಳೂರು ಟಾರ್ಪೀಡೊ' 1912ರಲ್ಲಿ ಹುಟ್ಟಿದ್ದು ತಮ್ಮವರ ಕೈಯಲ್ಲೇ ಎಂಬುದನ್ನೂ ತಾವೇ ಮಾಡಿದಷ್ಟು ಹೆಮ್ಮೆಯಿಂದ ಹೇಳುತ್ತಿದ್ದರು. ತಾವು ನಿಜವಾಗಿ ಮಾಡಿದ್ದನ್ನು ಮಾತ್ರ ಹೇಳುತ್ತಿರಲಿಲ್ಲ. 1971ರ ಡಿಸೆಂಬರಿನಲ್ಲಿ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಶಕರಗಢದ ಕಡೆ ಬಸಂತರ್ ನದಿಯ ದಂಡೆಯಲ್ಲಿ ಮೈನು, ಅಂದರೆ ನೆಲಬಾಂಬು, ಹೂತ ನೆಲದ ನಡುವೆ ಟ್ಯಾಂಕುಗಳಿಗೆ ದಾರಿ ಮಾಡಿದ ಸ್ಯಾಪರುಗಳ ಪೈಕಿ ಅವರೂ ಇದ್ದರೆಂಬುದು ನನಗೆ ಗೊತ್ತಾದದ್ದೇ ನಲವತ್ತು ವರ್ಷಗಳ ನಂತರ, ಅದೂ ನಾನು ಮಾಡಿದ ಒಂದು ತಪ್ಪಿನಿಂದ.

ಆ ತಪ್ಪನ್ನು ಹೇಳುವುದಕ್ಕೇ ಈ ಪತ್ರ. ಆದರೂ ಅಂಗಡಿಯ ಮಾತು ಮೊದಲು ಬರಬೇಕು, ಇಲ್ಲದಿದ್ದರೆ ನಿನಗೆ ಅರ್ಥವಾಗದು. ಪಿಂಚಣಿಗೆ ಬಂದ ಮರುವರ್ಷ, 1975ರಲ್ಲಿ, ಕೈಗೆ ಬಂದಿದ್ದ ಗ್ರಾಚ್ಯುಟಿ ಹಣದಲ್ಲಿ ತಾತ ಹಾರ್ಡ್‌ವೇರ್ ಅಂಗಡಿ ತೆರೆದರು. ಮೊಳೆ, ಚಿಲಕ, ಸಲಿಕೆ, ಹಾರೆ, ಆಮೇಲೆ ಪಂಪ್‌ಸೆಟ್ಟಿನ ಸಾಮಾನು. ಈ ಊರಿನಲ್ಲಿ ಉದ್ರಿ ಕೊಡದೆ ವ್ಯಾಪಾರವಿಲ್ಲ. ಏಕೆಂದರೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಅದು ಒಳಗೊಳಗೇ ಒಣಗಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು, ರೈತನ ಕೈಗೆ ದುಡ್ಡು ಬರುವುದು ಅದನ್ನು ಸುಲಿದು ಮಾರುಕಟ್ಟೆಗೆ ತಂದ ಮೇಲೆ. ತಾತ ಯಾರಿಗೂ ವರ್ಷ ತುಂಬುವ ಮೊದಲು ಬಾಕಿ ಕೇಳಿದವರಲ್ಲ, ಯಾರ ಬಾಕಿಯನ್ನೂ ಬರೆಯದೆ ಬಿಟ್ಟವರೂ ಅಲ್ಲ. ಅಂಗಡಿ ಬೇರೆ, ಮನೆ ಬೇರೆ ಎಂಬುದು ಅವರ ಕಟ್ಟುನಿಟ್ಟು. ಮನೆಗೆ ಒಂದು ತಿರುಪು ಮೊಳೆ ತಂದರೂ "ಮನೆಗೆ" ಎಂದು ಪುಸ್ತಕದಲ್ಲಿ ಬರೆದು, ತಿಂಗಳ ಕೊನೆಗೆ ಪಿಂಚಣಿಯ ದುಡ್ಡಿನಿಂದ ಗಲ್ಲಾಕ್ಕೆ ಹಾಕುತ್ತಿದ್ದರು.

ನಿನ್ನ ಅಜ್ಜಿಗೆ, ನನ್ನ ಅವ್ವನಿಗೆ, ಮರೆವಿನ ಕಾಯಿಲೆ ಶುರುವಾದದ್ದು 2009ರಲ್ಲಿ. ನೀನು ಆಗಿನ್ನೂ ಚಿಕ್ಕವಳು, ಆಮೇಲೆ ಮೈಸೂರಿನ ಹಾಸ್ಟೆಲಿಗೆ ಹೋದೆ, ಆದ್ದರಿಂದ ನೀನು ಕಂಡದ್ದು ಸ್ವಲ್ಪ. ಅವ್ವ ತಾತನನ್ನು ತನ್ನ ಅಣ್ಣನೆಂದು ತಿಳಿದು "ಅಣ್ಣಯ್ಯಾ, ನನ್ನ ಊರಿಗೆ ಕರ್ಕೊಂಡು ಹೋಗು" ಎನ್ನುತ್ತಿದ್ದಳು. ಐವತ್ತು ವರ್ಷ "ರೀ" ಎಂದು ಕರೆದ ಹೆಂಡತಿ ಹೀಗೆ ಕರೆದರೆ ಬೇರೆ ಯಾರಾದರೂ ತಿದ್ದುತ್ತಿದ್ದರು; ತಾತ "ಆಗಲವ್ವ, ಬೆಳಿಗ್ಗೆ ಬಸ್ಸಿಗೆ ಹೋಗೋಣ" ಎಂದು ಹೇಳಿ ತಲೆಗೆ ಎಣ್ಣೆ ಹಚ್ಚಲು ಕೂರುತ್ತಿದ್ದರು. ರಾತ್ರಿ ಎದ್ದರೆ ಅವ್ವನಿಗೆ ಬಚ್ಚಲ ದಾರಿ ತಿಳಿಯುತ್ತಿರಲಿಲ್ಲ. ಆಗ ತಾತ ಅಂಗಡಿಯಿಂದ ಕಾಟನ್ ಟೇಪಿನ ಸುರುಳಿ ತಂದರು. ಮೋಟಾರು ರಿವೈಂಡಿಂಗ್ ಮಾಡುವವರು ತಾಮ್ರದ ಸುತ್ತುಗಳನ್ನು ಬಿಗಿಯಲು ಒಯ್ಯುತ್ತಾರಲ್ಲ, ಆ ಬಿಳಿ ಪಟ್ಟಿ. ಅವ್ವನ ಮಂಚದ ಕಾಲಿನಿಂದ ಬಚ್ಚಲ ಹೊಸ್ತಿಲವರೆಗೆ ಕೆಂಪು ಗಾರೆ ನೆಲದ ಮೇಲೆ ಒಂದು ಮೊಳ ಅಂತರದಲ್ಲಿ ಎರಡು ಸಾಲು ಟೇಪನ್ನು ಮೈದಾ ಅಂಟಿನಲ್ಲಿ ಅಂಟಿಸಿದರು. ಅವ್ವ ಆ ಎರಡು ಗೆರೆಗಳ ನಡುವೆ ತಲೆ ಬಗ್ಗಿಸಿಕೊಂಡು, ರಂಗೋಲಿ ತುಳಿಯದ ಹಾಗೆ ನಡೆದುಹೋಗುತ್ತಿದ್ದಳು. ಟೇಪು ನೀರಿಗೂ ಪೊರಕೆಗೂ ಸಿಕ್ಕಿ ಏಳುತ್ತಿತ್ತು, ಕಪ್ಪಾಗುತ್ತಿತ್ತು. ತಾತ ಕಿತ್ತು ಹೊಸದು ಹಾಕುತ್ತಿದ್ದರು.

2013ರಲ್ಲಿ ನಿನ್ನ ಅತ್ತೆಯ ಮಗಳನ್ನು ನೋಡಲು ಗಂಡಿನ ಕಡೆಯವರು ನಮ್ಮ ಮನೆಗೇ ಬರುವುದೆಂದಾಯಿತು. ಹಿಂದಿನ ಸಂಜೆ ನಾನು ಬಿಸಿನೀರು ಸುರಿದು, ಚಾಕುವಿನಿಂದ ಕೆರೆದು ಆ ಟೇಪನ್ನೆಲ್ಲ ತೆಗೆದುಬಿಟ್ಟೆ. ನೆಲ ಚೊಕ್ಕವಾಗಿರಲಿ ಎಂದು ನಿನ್ನಮ್ಮನಿಗೆ ಹೇಳಿದೆ. ಅದು ಸುಳ್ಳು. ಇವರ ವಂಶದಲ್ಲಿ ಇಂಥ ಕಾಯಿಲೆ ಇದೆಯೆಂದು ಬಂದವರು ಅಂದುಕೊಂಡಾರು ಎಂಬ ನಾಚಿಕೆ ನನ್ನದು. ಒಂದು ರಾತ್ರಿಗೆ ಏನಾದೀತು, ಬೆಳಿಗ್ಗೆ ಅವರು ಹೋದ ಮೇಲೆ ಮತ್ತೆ ಹಾಕಿದರಾಯಿತು ಎಂದುಕೊಂಡೆ. ತಾತ ಅಂಗಡಿ ಮುಚ್ಚಿ ಬಂದಾಗ ನಡುಮನೆಯ ದೀಪ ಆರಿತ್ತು.

ರಾತ್ರಿ ಮೂರು ಗಂಟೆಗೆ ನನಗೆ ಎಚ್ಚರವಾಯಿತು. ಅವ್ವ ಮಂಚದಿಂದ ಒಂದೇ ಹೆಜ್ಜೆ ಮುಂದೆ ನಿಂತಿದ್ದಳು. ಬಿದ್ದಿರಲಿಲ್ಲ. ಕೂಗಿರಲಿಲ್ಲ. ಒಂದು ಕಾಲು ಅರ್ಧ ಎತ್ತಿದ ಹಾಗಿತ್ತು, ಅದನ್ನು ಎಲ್ಲಿ ಊರಬೇಕೆಂದು ತಿಳಿಯದೆ ನೆಲವನ್ನೇ ನೋಡುತ್ತಿದ್ದಳು. ಸೀರೆ ಒದ್ದೆಯಾಗಿತ್ತು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದಳೋ, ಪುಟ್ಟಿ, ನಾನು ಈಗಲೂ ಲೆಕ್ಕ ಹಾಕುತ್ತೇನೆ. ಒದ್ದೆ ಎಷ್ಟು ಆರಿತ್ತು, ಕೈ ಎಷ್ಟು ತಣ್ಣಗಿತ್ತು ಎಂದು ನೆನೆನೆನೆದು ಲೆಕ್ಕ ಹಾಕುತ್ತೇನೆ. ಅಷ್ಟರಲ್ಲಿ ತಾತ ಎದ್ದು ಬಂದರು. ಬರಿ ನೆಲವನ್ನು ನೋಡಿದರು, ನನ್ನನ್ನು ನೋಡಿದರು, ಅವ್ವನ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗಿ ಸೀರೆ ಬದಲಿಸಿ ಮಲಗಿಸಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಐದು ಗಂಟೆಗೆ ಹೋಗಿ ಅಂಗಡಿಯ ಬಾಗಿಲು ತೆಗೆದು ಹೊಸ ಸುರುಳಿ ತಂದರು. "ಆ ತುದಿ ಹಿಡಿ. ಬಿಗಿಯಾಗಿ ಹಿಡಿ, ಸಡಿಲ ಬಿಟ್ಟರೆ ಅವಳ ಕಾಲಿಗೆ ಸಿಕ್ಕುತ್ತೆ" ಎಂದರು.

ಅಂಟು ಒಣಗಲಿ ಎಂದು ಇಬ್ಬರೂ ನೆಲದ ಮೇಲೆ ಕುಳಿತಿದ್ದಾಗ ಬಸಂತರ್ ಮಾತು ಬಂತು. ಮೈನು ತೆಗೆದ ಜಾಗದ ಎರಡೂ ಬದಿಗೆ ಇಂಥದೇ ಬಿಳಿ ಟೇಪು ಬಿಡುತ್ತಾರಂತೆ, ಕತ್ತಲಲ್ಲಿ ಹಿಂದೆ ಬರುವವನಿಗೆ ಅದೊಂದೇ ಗುರುತು. ಡಿಸೆಂಬರ್ 15ರ ಆ ರಾತ್ರಿ ದಾರಿ ಪೂರ್ತಿಯಾಗುವ ಮೊದಲೇ, ಆಚೆ ದಂಡೆಯಲ್ಲಿದ್ದವರ ಮೇಲೆ ಶತ್ರು ಟ್ಯಾಂಕುಗಳು ಬರುತ್ತಿವೆಯೆಂದು, ನಮ್ಮ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ಗುರುತಿಲ್ಲದ ನೆಲದ ಮೇಲೆಯೇ ನುಗ್ಗಿದವಂತೆ. ಆ ಟ್ಯಾಂಕುಗಳಲ್ಲೊಂದರಲ್ಲಿದ್ದ ಅರುಣ್ ಖೇತ್ರಪಾಲರಿಗೆ ಆಗ ಇಪ್ಪತ್ತೊಂದು ವರ್ಷ, ಮರುದಿನ ತೀರಿಕೊಂಡರು. ದಾರಿ ಮಾಡಿಸುತ್ತಿದ್ದ ಎಂಜಿನಿಯರ್ ರೆಜಿಮೆಂಟಿನ ಮೇಜರ್ ವಿಜಯ್ ರತನ್ ಚೌಧರಿಯವರೂ ಅಲ್ಲೇ ಹೋದರು. ಒಬ್ಬರಿಗೆ ಪರಮವೀರ ಚಕ್ರ, ಒಬ್ಬರಿಗೆ ಮಹಾವೀರ ಚಕ್ರ ಬಂದದ್ದು ನೀನು ಓದಿರಬಹುದು. ತಾತ ಹೇಳಿದ್ದು ಇಷ್ಟೇ: "ನಮ್ಮ ಟೇಪು ಅಲ್ಲೀವರೆಗೆ ಮುಟ್ಟಿರಲಿಲ್ಲ ಕಣೋ." ಆಮೇಲೆ ಎದ್ದು ಹಲ್ಲುಜ್ಜಲು ಹೋದರು. ಗಂಡಿನ ಕಡೆಯವರು ಬಂದರು, ಟೇಪು ನೋಡಿದರು, ಏನೂ ಕೇಳಲಿಲ್ಲ, ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡರು. ಸಂಬಂಧ ಮುರಿದದ್ದು ಜಾತಕದಿಂದ.

ಈಗ ಯಾಕೆ ಇದೆಲ್ಲ ಎನ್ನುವೆ. ಪಿಂಚಣಿ ನಿಲ್ಲಿಸಲು ಅರ್ಜಿ ಕೊಡಬೇಕೆಂದು ತಾತನ ಪಿಪಿಒ, ಅಂದರೆ ಪಿಂಚಣಿ ಪಾವತಿಯ ಆದೇಶ ಪತ್ರ, ಹುಡುಕುತ್ತಿದ್ದಾಗ ಹಳೆಯ ಉದ್ರಿ ಪುಸ್ತಕಗಳು ಸಿಕ್ಕಿದವು. "ಮನೆಗೆ, ಕಾಟನ್ ಟೇಪು 1" ಎಂದು 2009ರಿಂದ ಅವ್ವ ತೀರಿಕೊಂಡ 2016ರವರೆಗೆ ಮೂವತ್ತೊಂದು ಸಲ ಬರೆದಿದ್ದಾರೆ. ಎಲ್ಲದರ ಮುಂದೆ ದುಡ್ಡು ಸಂದಾಯದ ಗೀಟು ಇದೆ. ಆ ಬೆಳಗಿನದರ ಮುಂದೂ ಇದೆ. ಅದು ನಾನು ಕೊಡಬೇಕಾಗಿದ್ದ ದುಡ್ಡು.

ಗಂಡ ಹೆಂಡತಿಯ ನಡುವೆ ಅಡುಗೆ ಯಾರದು, ಬಟ್ಟೆ ಒಗೆಯುವುದು ಯಾರದು ಎಂದು ಲೆಕ್ಕವಿಡಬೇಡಿ ಎಂದು ನಿನಗೂ ಅಳಿಯಂದಿರಿಗೂ ಹೇಳಬೇಕೆಂದುಕೊಂಡಿದ್ದೆ. ಈ ಪುಸ್ತಕ ನೋಡಿದ ಮೇಲೆ ಹೇಗೆ ಹೇಳಲಿ? ನೀನು ವೇಳೆಗೆ ಸರಿಯಾಗಿ ಊಟ ಮಾಡು, ಕಬ್ಬಿಣದ ಮಾತ್ರೆ ತಪ್ಪಿಸಬೇಡ, ಹಿಮದ ಮೇಲೆ ಒಬ್ಬಳೇ ನಡೆಯಬೇಡ, ಸಿಟ್ಟು ಬಂದರೆ ಎರಡು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡ. ಎಂಟು ದಿನ ಇಟ್ಟುಕೊಂಡವನು ಹೇಳುತ್ತಿದ್ದಾನೆ, ನಗಬೇಡ. ಇನ್ನೊಂದು ಮಾತು ನಿನ್ನಮ್ಮನಿಗೆ ಹೇಳಿಲ್ಲ: ಈ ತಿಂಗಳು ಅಂಗಡಿಯ ಬೀಗದ ಕೈ ಎಲ್ಲಿಟ್ಟೆನೆಂದು ಮೂರು ಸಲ ಮರೆತೆ. ಓಡಾಟದ ಸುಸ್ತಿರಬಹುದು. ಆದರೂ ತುಮಕೂರಿನಲ್ಲಿ ಒಬ್ಬ ಡಾಕ್ಟರಿಗೆ ತೋರಿಸುತ್ತೇನೆ.

ಮುಂದಿನ ವಾರ ಬಣ್ಣ ಹೊಡೆಯುವವರು ಬರುತ್ತಾರೆ. ಬಚ್ಚಲ ಹೊಸ್ತಿಲ ಸಂದಿಯಲ್ಲಿ ಒಂದು ಗೇಣು ಟೇಪು ಇನ್ನೂ ಅಂಟಿಕೊಂಡಿದೆ, ಅದನ್ನು ಮುಟ್ಟಬಾರದೆಂದು ಮೇಸ್ತ್ರಿಗೆ ಹೇಳಿದ್ದೇನೆ. ಆ ದಿನ ನಾನಾಡಿದ ಮಾತಿಗೆ ಕ್ಷಮೆ ಇರಲಿ, ಮಗಳೇ. ಶನಿವಾರ ನಿಮ್ಮಲ್ಲಿ ಬೆಳಿಗ್ಗೆ ಎಂಟಾದಾಗ ಫೋನು ಮಾಡುತ್ತೇನೆ. ಎತ್ತದಿದ್ದರೆ ಭಾನುವಾರ ಮತ್ತೆ ಮಾಡುತ್ತೇನೆ.

ನಿನ್ನ ಅಪ್ಪ