ಇಸಿಸಿ ಇದೆ ಎಂದು ಮಾರಿದ ಮದರ್‌ಬೋರ್ಡ್ ವಾಪಸ್ ಪಡೆಯುವ ಬಗ್ಗೆ

ಶಿರಸಿ, ಉತ್ತರ ಕನ್ನಡ

ಗ್ರಾಹಕರ ದೂರು ನೋಡಿಕೊಳ್ಳುವ ಅಧಿಕಾರಿಗಳಿಗೆ,

ಮಾನ್ಯರೇ,

ಕಳೆದ ತಿಂಗಳು ನಿಮ್ಮ ಆನ್‌ಲೈನ್ ಅಂಗಡಿಯಿಂದ ಒಂದು ಮದರ್‌ಬೋರ್ಡ್ ತರಿಸಿದ್ದೆ. ಮನೆಯ ಸರ್ವರ್‌ಗೆ ರ‍್ಯಾಮ್ ಜಾಸ್ತಿ ಮಾಡಬೇಕಿತ್ತು. ಹಳೇ ಬೋರ್ಡಿನಲ್ಲಿ ಎರಡೇ ಸ್ಲಾಟ್, ಇಸಿಸಿಯೂ (ನೆನಪಿನಲ್ಲಿ ಬಿಟ್ ತಪ್ಪಿದರೆ ಹಿಡಿದು ಸರಿಪಡಿಸುವ ವ್ಯವಸ್ಥೆ) ಇರಲಿಲ್ಲ. ರೈಜನ್ 5 3600 ಪ್ರೊಸೆಸರ್ ಹಾಗೇ ಇಟ್ಟುಕೊಂಡು ಬೋರ್ಡ್ ಮಾತ್ರ ಬದಲಿಸುವುದು ನನ್ನ ಲೆಕ್ಕ.

ಕೊಳ್ಳುವ ಮೊದಲು ನಿಮ್ಮ ಚಾಟ್‌ನಲ್ಲಿ ಬಿಡಿಸಿ ಕೇಳಿದ್ದೆ: "ಬಫರ್ ಇಲ್ಲದ ಡಿಡಿಆರ್4 ಇಸಿಸಿ ರ‍್ಯಾಮ್ ಹಾಕಿದರೆ ಇಸಿಸಿ ನಿಜವಾಗಿ ಕೆಲಸ ಮಾಡುತ್ತದಾ?" ಬಂದ ಉತ್ತರ, "ಹೌದು ಸರ್, ಸಪೋರ್ಟ್ ಇದೆ." ಮಾರಾಟದ ಪುಟದಲ್ಲೂ "ಇಸಿಸಿ ಸಪೋರ್ಟ್" ಎಂದೇ ಇತ್ತು. ಅದನ್ನು ನಂಬಿ 32 ಜಿಬಿಯ ಎರಡು ಇಸಿಸಿ ರ‍್ಯಾಮ್ ಬೇರೆ ಕಡೆಯಿಂದ ತರಿಸಿದೆ. ಅದು ಬೋರ್ಡಿಗಿಂತ ದುಬಾರಿ.

ಬೋರ್ಡ್ ಬಂತು, ಜೋಡಿಸಿದೆ, ಮಷೀನ್ ಆನ್ ಆಯಿತು, 64 ಜಿಬಿ ತೋರಿಸಿತು. ಆದರೆ ಲಿನಕ್ಸ್‌ನಲ್ಲಿ ಮಷೀನಿನ ಭಾಗಗಳ ವಿವರ ತೋರಿಸುವ ಡಿಎಂಐಡಿಕೋಡ್ ಓಡಿಸಿದಾಗ ದೋಷ ಸರಿಪಡಿಸುವ ಬಗೆ "ಇಲ್ಲ" ಎಂದು ಬಂತು. ಬೋರ್ಡಿನ ಸೆಟ್ಟಿಂಗ್‌ಗಳಿರುವ ಬಯೋಸ್ ಅಪ್‌ಡೇಟ್ ಮಾಡಿದೆ, ಅದರ ಒಂದೊಂದು ಪುಟ ಹುಡುಕಿದೆ, ಇಸಿಸಿ ಎಂಬ ಆಯ್ಕೆಯೇ ಇಲ್ಲ. ಕೊನೆಗೆ ಪೆಟ್ಟಿಗೆಯಲ್ಲಿದ್ದ ಪುಸ್ತಿಕೆಯಲ್ಲಿ ಸಣ್ಣ ಅಕ್ಷರದ ಒಂದು ಸಾಲು ಕಣ್ಣಿಗೆ ಬಿತ್ತು: ಇಸಿಸಿ ರ‍್ಯಾಮ್ ಹಾಕಬಹುದು, ಆದರೆ ಅದು ಇಸಿಸಿ ಇಲ್ಲದ ರ‍್ಯಾಮ್ ಹಾಗೆ ನಡೆಯುತ್ತದೆ.

ರ‍್ಯಾಮ್ ಕೆಟ್ಟಿರಬಹುದಾ ಎಂದು ಹುಬ್ಬಳ್ಳಿಯ ಗೆಳೆಯನ ಮಷೀನಿಗೂ ಹಾಕಿ ನೋಡಿದೆ. ಅಲ್ಲಿ ಇಸಿಸಿ ಸರಿಯಾಗಿಯೇ ಕಾಣಿಸುತ್ತದೆ.

ಈ ರ‍್ಯಾಮ್ ಪಟ್ಟಿಯ ಒಂದು ಬದಿಯಲ್ಲಿ ಎಂಟರ ಬದಲು ಒಂಬತ್ತು ಚಿಪ್ ಇವೆ. ಪ್ರತಿ 64 ಬಿಟ್ ಜೊತೆಗೆ 8 ಬಿಟ್ ಜಾಸ್ತಿ ಇಟ್ಟು, ಒಂದು ಬಿಟ್ ತಪ್ಪಿದರೆ ಅಲ್ಲೇ ಸರಿಮಾಡುವುದು, ಎರಡು ತಪ್ಪಿದರೆ ಹೇಳುವುದು ಇಸಿಸಿಯ ಕೆಲಸ. ನಿಮ್ಮ ಬೋರ್ಡಿನಲ್ಲಿ ಆ ಒಂಬತ್ತನೇ ಚಿಪ್ ಸುಮ್ನೆ ಕೂತಿದೆ.

ಇಷ್ಟು ಹಟ ಯಾಕೆ ಎಂದು ನಿಮಗೆ ಅನ್ನಿಸಬಹುದು. ನಮ್ಮಪ್ಪ ಊರೂರು ತಿರುಗಿ ಟೇಪ್ ರೆಕಾರ್ಡರ್‌ನಲ್ಲಿ ಹಿಡಿದ ಯಕ್ಷಗಾನದ ಕ್ಯಾಸೆಟ್‌ಗಳು ಈ ಸರ್ವರ್‌ನಲ್ಲಿವೆ. ನಮ್ಮ ಕಡೆಯ ಮಳೆಗಾಲ ಗೊತ್ತಲ್ವಾ, ಅರ್ಧಕ್ಕರ್ಧ ಕ್ಯಾಸೆಟ್ ಬೂಷ್ಟು ಹಿಡಿದು ಈಗ ಓಡುವುದೇ ಇಲ್ಲ. ಉಳಿದಿರುವುದು ಫೈಲ್ ಮಾತ್ರ. ರ‍್ಯಾಮ್‌ನಲ್ಲಿ ತಪ್ಪಿದ ಬಿಟ್ ಡಿಸ್ಕಿಗೆ ಹೋದರೆ ಬ್ಯಾಕಪ್‌ಗೂ ಅದೇ ತಪ್ಪು ಹೋಗುತ್ತದೆ. ಆಮೇಲೆ ಸರಿಯಾದ ಪ್ರತಿ ಎಲ್ಲಿಂದ ತರಲಿ?

ವಾಪಸ್ ಕೇಳಿದಾಗ ನಿಮ್ಮವರು, "ಪೆಟ್ಟಿಗೆ ಒಡೆದಿದೆ, ಬೋರ್ಡ್ ಕೆಟ್ಟಿಲ್ಲ, ಆಗುವುದಿಲ್ಲ" ಎಂದರು. ಬೋರ್ಡ್ ಕೆಟ್ಟಿದೆ ಎಂದು ನಾನೂ ಹೇಳಿಲ್ಲ. ನೀವು ಹೇಳಿದ ಗುಣ ಅದರಲ್ಲಿಲ್ಲ, ಅದು ನನ್ನ ದೂರು. ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ಸಾಮಾನನ್ನು ವಾಪಸ್ ತೆಗೆದುಕೊಳ್ಳಲು ಮಾರಾಟಗಾರರು ಒಲ್ಲೆ ಎನ್ನುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳಲ್ಲೇ ಇದೆ. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕು ಎಂದೂ ಇದೆ.

ಬೋರ್ಡಿನ ಪೂರ್ತಿ ಹಣ ವಾಪಸ್ ಕೊಡಿ. ಪಾರ್ಸೆಲ್ ಒಯ್ಯಲು ಶಿರಸಿಗೆ ನಿಮ್ಮ ಖರ್ಚಿನಲ್ಲೇ ಜನ ಕಳಿಸಿ. ಪುಟದಲ್ಲಿ "ಇಸಿಸಿ ರ‍್ಯಾಮ್ ಹಾಕಬಹುದು, ಇಸಿಸಿ ಕೆಲಸ ಮಾಡುವುದಿಲ್ಲ" ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ, ಇನ್ನೊಬ್ಬರು ನನ್ನ ಹಾಗೆ ರ‍್ಯಾಮ್ ತರಿಸಿ ಕೂರಬಾರದು. ಚಾಟ್, ಬಿಲ್, ಪುಸ್ತಿಕೆಯ ಆ ಪುಟ, ಡಿಎಂಐಡಿಕೋಡ್ ತೋರಿಸಿದ್ದರ ಫೋಟೋ ಜೊತೆಗಿಟ್ಟಿದ್ದೇನೆ. ಒಂದು ತಿಂಗಳೊಳಗೆ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ, ಅಲ್ಲೂ ಆಗದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ