ಮಗಳಿಗೊಂದು ಪತ್ರ: ಮ್ಯಾಕ್‌ಬೆತ್‌ನ ಹದಿನೇಳು ವರ್ಷ

ಪ್ರೀತಿಯ ಪುಟ್ಟಿ,

ಸ್ಕಾಟ್ಲೆಂಡಿನ ಹಳೆಯ ರಾಜರಿಂದ ಕಲಿಯಬೇಕಾದ ಪಾಠಗಳ ಬಗ್ಗೆ ನೀನು ಬರೆದು ಕಳಿಸಿದ ಪ್ರಬಂಧದ ಕರಡು ಓದಿದೆ. ಬರವಣಿಗೆ ಚೆನ್ನಾಗಿದೆ. ಆದರೆ ಮೊದಲ ಸಾಲಿನಲ್ಲೇ ತಡೆದು ನಿಲ್ಲಬೇಕಾಯಿತು: "ಹೆಂಡತಿಯ ಮಾತು ಕೇಳಿ, ಅಧಿಕಾರದ ಆಸೆಗೆ ಬಿದ್ದು, ಮಲಗಿದ್ದ ಮುದಿರಾಜ ಡಂಕನ್‌ನನ್ನು ಕೊಂದ ಮ್ಯಾಕ್‌ಬೆತ್ ಬೇಗನೇ ಹಾಳಾದ." ಇದರಲ್ಲಿ 11ನೇ ಶತಮಾನದ ಆಧಾರ ಇರುವುದು "ಡಂಕನ್‌ನನ್ನು ಕೊಂದ" ಅನ್ನುವುದಕ್ಕೆ ಮಾತ್ರ. ಹೆಂಡತಿ, ಹಾಸಿಗೆ, ಮುಪ್ಪು, ಬೇಗ ಬಂದ ಕೇಡು ಎಲ್ಲವೂ ಆಮೇಲೆ ಸೇರಿದವು. ನೀನು ತೆಗೆದ ಪಾಠ ನಿಂತಿರುವುದು ಸೇರಿಸಿದ ಭಾಗದ ಮೇಲೆ. ಅಂದರೆ ಆ ಪಾಠವನ್ನು ನೀನು ಇತಿಹಾಸದಿಂದ ತೆಗೆದದ್ದಲ್ಲ ಮಗಳೇ, ಐನೂರು ವರ್ಷದ ನಂತರ ಬಂದವರು ಅಲ್ಲಿ ಇಟ್ಟು ಹೋದದ್ದನ್ನೇ ಎತ್ತಿಕೊಂಡಿದ್ದೀಯ.

ಹಾಗಾಗಿ ಪ್ರಬಂಧ ಪಕ್ಕಕ್ಕಿಡು. ಒಂದು ದೊಡ್ಡ ಹಾಳೆ ತೆಗೆದುಕೊಂಡು ಐದು ಅಂಕಣ ಎಳೆ. ಘಟನೆ ನಡೆದ ವರ್ಷ, ಅದನ್ನು ಮೊದಲು ಬರೆದಿಟ್ಟ ಕಾಲ, ಈಗ ಉಳಿದಿರುವ ಹಸ್ತಪ್ರತಿಯ ಕಾಲ, ಬರೆದವನು ಎಲ್ಲಿದ್ದ, ಅವನಿಗೆ ಯಾರ ಹಂಗಿತ್ತು. ಎರಡನೆಯದನ್ನೂ ಮೂರನೆಯದನ್ನೂ ಒಂದೇ ಅಂಕಣಕ್ಕೆ ತುರುಕಬೇಡ, ತುಂಬಾ ಜನ ಎಡವುವುದು ಅಲ್ಲೇ. ಐರ್ಲೆಂಡಿನ ಅಲ್‌ಸ್ಟರ್ ಆನಲ್ಸ್ ಅನ್ನುವ ವರ್ಷವಾರು ದಾಖಲೆಯ ಹಸ್ತಪ್ರತಿ 15ನೇ ಶತಮಾನದ ಕೊನೆಯದು. ಅಷ್ಟು ಹೊಸದೆಂದು ಅದನ್ನು ತಳ್ಳಿಹಾಕಿದರೆ ಕೆಟ್ಟೆ, ಏಕೆಂದರೆ ಮಠಗಳಲ್ಲಿ ಆಯಾ ಕಾಲಕ್ಕೆ ಬರೆದಿಟ್ಟ ಸಾಲುಗಳನ್ನೇ ಅಲ್ಲಿ ನಕಲು ಮಾಡಿದ್ದಾರೆ. ಆ ದಾಖಲೆಯಲ್ಲಿ ಇನ್ನೊಂದು ತೊಡಕಿದೆ. 1013ರ ತನಕ ಅದರ ಇಸವಿಗಳು ಒಂದು ವರ್ಷ ಹಿಂದಿವೆ. ಅಲ್ಲಿ 857 ಅಂತಿದ್ದರೆ ನೀನು 858 ಅಂತ ಬರೆದುಕೊಳ್ಳಬೇಕು. ಇದನ್ನು ಸರಿಪಡಿಸಿಕೊಳ್ಳದೆ ಬೇರೆ ದಾಖಲೆಗಳ ಜೊತೆ ಹೋಲಿಸಿದರೆ ಒಂದೇ ಸಾವು ಎರಡು ಸಾವಾಗಿ ಕಾಣುತ್ತದೆ.

ಹೆಸರುಗಳಲ್ಲೂ ಎಚ್ಚರ ಇರಲಿ. 1ನೇ ಕೆನ್ನೆತ್, 2ನೇ ಮಾಲ್ಕಮ್ ಅನ್ನುವ ಸಂಖ್ಯೆಗಳನ್ನು ಆ ಕಾಲದವರು ಬಳಸಲಿಲ್ಲ. ಅವರು ತಂದೆಯ ಹೆಸರು ಹೇಳುತ್ತಿದ್ದರು. ನೀನೂ ಹಾಳೆಯಲ್ಲಿ "ಕ್ರಿನಾನ್‌ನ ಮಗ ಡಂಕನ್", "ಫಿನ್ಲೇಯ ಮಗ ಮ್ಯಾಕ್‌ಬೆತ್" ಅಂತಲೇ ಬರೆ. ಅವರ ಭಾಷೆಯಾದ ಗೇಲಿಕ್‌ನಲ್ಲಿ ಕೆನ್ನೆತ್ ಕಿನೈದ್ ಆಗಿ, ಡಂಕನ್ ಡೊನ್ಹಾದ್ ಆಗಿ ಬರುತ್ತಾರೆ, ಇಬ್ಬರು ಬೇರೆ ಬೇರೆ ಮನುಷ್ಯರೆಂದು ಗಲಿಬಿಲಿಯಾಗಬೇಡ.

ಈಗ 1040ರ ಸಾಲು ತುಂಬು. ಅಲ್‌ಸ್ಟರ್ ಆನಲ್ಸ್ ಹೇಳುವುದು ಇಷ್ಟೇ: ಕ್ರಿನಾನ್‌ನ ಮಗ ಡಂಕನ್, ಆಲ್ಬಾದ (ಅಂದರೆ ಆಗಿನ ಸ್ಕಾಟ್ಲೆಂಡಿನ) ರಾಜ, ತನ್ನವರಿಂದಲೇ ಹತನಾದ. ಕೊಂದವನ ಹೆಸರು ಅಲ್ಲಿಲ್ಲ. ಐರ್ಲೆಂಡಿನದೇ ಇನ್ನೊಂದು ದಾಖಲೆ, ಟಿಗರ್ನಾಕ್ ಆನಲ್ಸ್, ಇನ್ನೊಂದು ಮಾತು ಸೇರಿಸುತ್ತದೆ, ಎಳೆಯ ವಯಸ್ಸಿನಲ್ಲೇ ಸತ್ತ ಅಂತ. ನಿನ್ನ ಮುದಿರಾಜ ಅಲ್ಲಿಗೆ ಹೋದ! ಮ್ಯಾಕ್‌ಬೆತ್‌ನ ಹೆಸರು ಕೊಡುವವನು ಮರಿಯಾನಸ್ ಸ್ಕೋಟಸ್. 1028ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿ, 1056ರಲ್ಲಿ ಜರ್ಮನಿಗೆ ಹೋಗಿ, ಕೊನೆಗೆ ಮೈನ್ಜ್ ಪಟ್ಟಣದಲ್ಲಿ ಸನ್ಯಾಸಿಯಾಗಿದ್ದು 1082ರಲ್ಲಿ ತೀರಿಕೊಂಡವನು. ಡಂಕನ್ ಸತ್ತಾಗ ಅವನು ಹನ್ನೆರಡರ ಹುಡುಗ, ಅಂದರೆ ಅದೇ ಕಾಲದವನು. ಆಗಸ್ಟ್ 14ರಂದು ರಾಜನನ್ನು ಅವನ ಸೇನಾಪತಿ ಮ್ಯಾಕ್‌ಬೆತ್ ಕೊಂದು ಹದಿನೇಳು ವರ್ಷ ಆಳಿದ ಎಂದು ಅವನು ಬರೆಯುತ್ತಾನೆ. ಸ್ಕಾಟ್ಲೆಂಡಿನ ರಾಜರಲ್ಲಿ ಯಾರ ಹಂಗೂ ಅವನಿಗಿರಲಿಲ್ಲ. ಅದಕ್ಕೇ ಅವನ ಮಾತಿಗೆ ನಾನು ತೂಕ ಕೊಡುತ್ತೇನೆ. ಕೊಲೆಯಾದದ್ದು ಎಲ್ಗಿನ್ ಹತ್ತಿರದ ಪಿಟ್‌ಗೇವ್ನಿಯಲ್ಲಿ ಅನ್ನುವುದು ಆಮೇಲಿನ ರಾಜಾವಳಿಗಳ ಮಾತು. ಎಲ್ಗಿನ್ ಇರುವುದು ಮೊರೆ ಪ್ರಾಂತ್ಯದಲ್ಲಿ, ಮ್ಯಾಕ್‌ಬೆತ್ ಆಳುತ್ತಿದ್ದ ನೆಲದಲ್ಲಿ. ಅತಿಥಿಯಾಗಿ ಬಂದ ರಾಜನನ್ನು ಮನೆಯಲ್ಲಿ ಕೊಂದ ಅಂತ ಈ ಯಾವುದರಲ್ಲೂ ಇಲ್ಲ. ಸಾಯುವ ಸ್ವಲ್ಪ ಮುಂಚೆ ಡಂಕನ್ ದಕ್ಷಿಣಕ್ಕೆ ಹೋಗಿ ಇಂಗ್ಲೆಂಡಿನ ಡರ್ಹಮ್ ಪಟ್ಟಣಕ್ಕೆ ಮುತ್ತಿಗೆ ಹಾಕಿ ಸೋತಿದ್ದ. ಸತ್ತ ಸ್ಕಾಟರ ತಲೆಗಳನ್ನು ಸಂತೆಯಲ್ಲಿ ಕಂಬಗಳಿಗೆ ಚುಚ್ಚಿಟ್ಟರಂತೆ. ದಕ್ಷಿಣದಲ್ಲಿ ಮುಖಭಂಗವಾದ ರಾಜ ಉತ್ತರಕ್ಕೆ ಹೋಗಿ ಸತ್ತಿದ್ದಾನೆ. ಇವೆರಡನ್ನೂ ಜೋಡಿಸುವುದು ಊಹೆ, ಒಳ್ಳೆಯ ಊಹೆ. ಪೆನ್ಸಿಲ್‌ನಲ್ಲಿ ಬರೆ.

ಆ "ತನ್ನವರಿಂದಲೇ ಹತನಾದ" ಅನ್ನುವ ಸಾಲು ಇನ್ನೊಂದು ಕಡೆಯೂ ಇದೆ, 1020ರಲ್ಲಿ, ಮ್ಯಾಕ್‌ಬೆತ್‌ನ ಅಪ್ಪ ಫಿನ್ಲೇಗೆ. ಅಲ್‌ಸ್ಟರಿನವರು ಅವನನ್ನೂ ಆಲ್ಬಾದ ರಾಜ ಅಂತಲೇ ಕರೆಯುತ್ತಾರೆ. ಟಿಗರ್ನಾಕ್‌ನಲ್ಲಿ ಅವನು ಮೊರೆಯ ಮೋರ್ಮೇರ್, ಅಂದರೆ ಪ್ರಾಂತ್ಯದ ಒಡೆಯ. ಕೊಂದವರು ಅವನ ಅಣ್ಣತಮ್ಮನ ಮಕ್ಕಳು. 1032ರಲ್ಲಿ ಆ ದಾಯಾದಿಗಳಲ್ಲೊಬ್ಬ, ಗಿಲ್ಲೆ ಕೋಮ್‌ಗಾನ್, ತನ್ನ ಐವತ್ತು ಜನರ ಜೊತೆ ಸುಟ್ಟುಹೋದ. ಸುಟ್ಟವರ ಹೆಸರನ್ನು ದಾಖಲೆ ಹೇಳುವುದಿಲ್ಲ. ಅವನ ವಿಧವೆ ಗ್ರುವಾಕ್‌ಳನ್ನು ಮ್ಯಾಕ್‌ಬೆತ್ ಮದುವೆಯಾದ, ಅವಳ ಮಗ ಲುಲಾಕ್ ಅವನ ಮನೆಗೆ ಬಂದ. ಮರುವರ್ಷ 1033ರಲ್ಲಿ ಮುದಿ ಅರಸ 2ನೇ ಮಾಲ್ಕಮ್, ರಾಜವಂಶದ ಬೋಯಿಟೆ ಅನ್ನುವವನ ಮನೆಯ ಗಂಡುಕುಡಿಯೊಂದನ್ನು ಕೊಂದ. ಗ್ರುವಾಕ್ ಇದೇ ಬೋಯಿಟೆಯ ಮಗಳು.

ಈ ಕೊಲೆ ಯಾಕೆ ಅಂತ ತಿಳಿಯಬೇಕಾದರೆ ಪಟ್ಟದ ಪದ್ಧತಿ ಗೊತ್ತಿರಬೇಕು. ಆಗ ಅಪ್ಪನ ನಂತರ ಮಗ ಅನ್ನುವ ನಿಯಮ ಇರಲಿಲ್ಲ. 9ನೇ ಶತಮಾನದ ರಾಜ ಕೆನ್ನೆತ್ ಮ್ಯಾಕಾಲ್ಪಿನ್‌ನ ಇಬ್ಬರು ಮಕ್ಕಳು, ಕಾನ್‌ಸ್ಟಂಟೈನ್ ಮತ್ತು ಏಡ್, ಇವರ ಎರಡು ಕವಲುಗಳ ನಡುವೆ ಪಟ್ಟ ಸರದಿಯಂತೆ ಅತ್ತಿಂದಿತ್ತ ಹೋಗುತ್ತಿತ್ತು. 954ರಿಂದ 1005ರ ನಡುವೆ 1ನೇ ಮಾಲ್ಕಮ್, ಡಫ್, ಕುಲೇನ್, ಅವನ ತಮ್ಮ ಅಮ್ಲೈವ್, 2ನೇ ಕೆನ್ನೆತ್, 3ನೇ ಕಾನ್‌ಸ್ಟಂಟೈನ್, 3ನೇ ಕೆನ್ನೆತ್, ಏಳು ಜನ ಆಯುಧಕ್ಕೇ ಬಲಿಯಾದರು. ಕೊನೆಯವನನ್ನು ಮುಗಿಸಿ ಪಟ್ಟವೇರಿದವನೇ 2ನೇ ಮಾಲ್ಕಮ್. ಅವನಿಗೆ ಗಂಡುಮಕ್ಕಳಿಲ್ಲ. ಸರದಿ ಮುರಿದು ಮಗಳ ಮಗ ಡಂಕನ್‌ಗೆ ಪಟ್ಟ ಕೊಡಬೇಕಿತ್ತು. ಅದಕ್ಕೆ ಅಡ್ಡ ಬರಬಹುದಾದ ಕುಡಿ 1033ರಲ್ಲಿ ಹೋಯಿತು. 1034ರ ನವೆಂಬರಿನಲ್ಲಿ ಮಾಲ್ಕಮ್ ಸತ್ತ, ಡಂಕನ್ ರಾಜನಾದ, ಆರು ವರ್ಷ ತುಂಬುವ ಮುಂಚೆ ಕೊಲೆಯಾದ.

ಇಲ್ಲಿ ಕೈ ತಡೆದುಕೊಳ್ಳಬೇಕು. "ಸರದಿ ಪದ್ಧತಿಯೇ ಕೊಲೆಗಳಿಗೆ ಕಾರಣ" ಅಂತ ಬರೆದುಬಿಡುವ ಆಸೆ ಯಾರಿಗಾದರೂ ಆಗುತ್ತದೆ, ಎಷ್ಟೋ ಪುಸ್ತಕಗಳಲ್ಲಿ ಹಾಗೇ ಇದೆ. ಪರೀಕ್ಷೆ ಮಾಡಿ ನೋಡು. ಕಾರಣ ಇದ್ದೂ ಫಲ ಬಾರದ ಉದಾಹರಣೆ ಸಿಗುತ್ತದೆಯೇ? ಸಿಗುತ್ತದೆ. ಅದೇ ಪದ್ಧತಿಯಲ್ಲಿ 900ರಲ್ಲಿ ಪಟ್ಟವೇರಿದ 2ನೇ ಕಾನ್‌ಸ್ಟಂಟೈನ್ 943ರ ತನಕ ಆಳಿದ. 934ರಲ್ಲಿ ಇಂಗ್ಲೆಂಡಿನ ಅಥೆಲ್‌ಸ್ಟನ್ ದಂಡೆತ್ತಿ ಬಂದದ್ದನ್ನು ತಾಳಿಕೊಂಡ, 937ರ ಬ್ರುನಾನ್‌ಬರ್ ಯುದ್ಧದಲ್ಲಿ ಸೋತು ಮಗನನ್ನೂ ಕಳೆದುಕೊಂಡ, ಆದರೂ ಪಟ್ಟ ಉಳಿಯಿತು. ಕೊನೆಗೆ ಇನ್ನೊಂದು ಕವಲಿನ 1ನೇ ಮಾಲ್ಕಮ್‌ಗೆ ಅದನ್ನು ಬಿಟ್ಟುಕೊಟ್ಟು ಸೇಂಟ್ ಆಂಡ್ರೂಸ್‌ನಲ್ಲಿ ಸನ್ಯಾಸಿಯಾಗಿ 952ರಲ್ಲಿ ಕಣ್ಣುಮುಚ್ಚಿದ. ಈಗ ತಿರುಗಿಸಿ ಕೇಳು. ಕಾರಣ ಇಲ್ಲದೆಯೂ ಫಲ ಬಂದದ್ದುಂಟೇ? ಅದೂ ಉಂಟು. ಸರದಿಯನ್ನು ಮುರಿದ ಮೊದಲ ಸಲವೇ ಡಂಕನ್ ಕೊಲೆಯಾದ. ಹಾಗಾದರೆ ಪದ್ಧತಿಯೊಂದನ್ನೇ ದೂರಿ ಪ್ರಯೋಜನವಿಲ್ಲ. ಎರಡೂ ಕವಲಿನಲ್ಲಿ ವಯಸ್ಸಿಗೆ ಬಂದ ಹಕ್ಕುದಾರರಿದ್ದು, ಆಳುತ್ತಿರುವವನು ಹೊರಗಿನ ಯುದ್ಧದಲ್ಲಿ ಸೋತು ಬಂದು, ಜೊತೆಗೆ ತನ್ನ ಕವಲಿಗೇ ಪಟ್ಟ ಉಳಿಸಿಕೊಳ್ಳಲು ಹೊರಟಾಗ ಅಪಾಯ ಹೆಚ್ಚು. ಇಷ್ಟು ಷರತ್ತುಗಳ ಜೊತೆ ಹೇಳಿದರೆ ಪಾಠ ಚಿಕ್ಕದಾಗುತ್ತದೆ ನಿಜ, ಆದರೆ ಯಾರಾದರೂ ತಿರುಗಿ ಕೇಳಿದಾಗ ನಿಲ್ಲುತ್ತದೆ.

ಮ್ಯಾಕ್‌ಬೆತ್‌ನ ಆಳ್ವಿಕೆಗೆ ಬರೋಣ. 1045ರಲ್ಲಿ ಡಂಕನ್‌ನ ಅಪ್ಪ, ಡಂಕೆಲ್ಡ್ ಮಠಾಧಿಪತಿ ಕ್ರಿನಾನ್, ಯುದ್ಧದಲ್ಲಿ ಸತ್ತ. ಅಂದರೆ ವಿರೋಧ ಇತ್ತು, ಮ್ಯಾಕ್‌ಬೆತ್ ಅದನ್ನು ಹತ್ತಿಕ್ಕಿದ್ದ. 1050ರಲ್ಲಿ ಸ್ಕಾಟರ ರಾಜ ಮ್ಯಾಕ್‌ಬೆತ್ ರೋಮಿನಲ್ಲಿ ಬಡವರಿಗೆ ಹಣವನ್ನು ಬೀಜ ಬಿತ್ತಿದಂತೆ ಚೆಲ್ಲಿದ ಅಂತ ಮರಿಯಾನಸ್ ಬರೆಯುತ್ತಾನೆ. ಹೋಗಿ ಬರಲು ತಿಂಗಳುಗಟ್ಟಲೆ ಹಿಡಿಯುವ ದಾರಿ ಅದು. ಸಿಂಹಾಸನದ ಬಗ್ಗೆ ದಿಗಿಲಿರುವ ರಾಜ ರಾಜ್ಯ ಬಿಟ್ಟು ಅಷ್ಟು ದೂರ ಹೋಗುತ್ತಾನೆಯೇ? ಇದೂ ಪೆನ್ಸಿಲ್ ಸಾಲೇ, ಆದರೆ ನಾನು ನಂಬುವ ಸಾಲು. ಲೋಕ್ ಲೆವೆನ್ ಸರೋವರದ ಮಠಕ್ಕೆ ಭೂಮಿ ಬಿಟ್ಟ ದಾನಪತ್ರದಲ್ಲಿ ಮ್ಯಾಕ್‌ಬೆತ್ ಮತ್ತು ಬೋಯಿಟೆಯ ಮಗಳು ಗ್ರುವಾಕ್ ರಾಜ ರಾಣಿಯಾಗಿ ಒಟ್ಟಿಗೆ ಬರುತ್ತಾರೆ. ಶೇಕ್ಸ್‌ಪಿಯರ್‌ನ ನಾಟಕದಲ್ಲಿ ಈ ಹೆಂಗಸಿಗೆ ಒಂದು ಹೆಸರನ್ನೂ ಉಳಿಸಲಿಲ್ಲ, ಅವಳಿಗೇ ಪಟ್ಟದ ರಕ್ತಸಂಬಂಧ ಇತ್ತು ಅನ್ನುವುದನ್ನೂ ಉಳಿಸಲಿಲ್ಲ. ನೀನಾದರೂ ಪ್ರಬಂಧದಲ್ಲಿ ಅವಳ ಹೆಸರು ಬರೆ.

1054ರ ಜುಲೈ 27ರಂದು ಉತ್ತರ ಇಂಗ್ಲೆಂಡಿನ ನಾರ್ತಂಬ್ರಿಯಾದ ಒಡೆಯ ಸಿವಾರ್ಡ್ ಇಂಗ್ಲೆಂಡಿನ ಸೈನ್ಯದೊಂದಿಗೆ ಬಂದ. ಅಲ್‌ಸ್ಟರ್ ಆನಲ್ಸ್ ಪ್ರಕಾರ ಸ್ಕಾಟರು 3,000, ಇಂಗ್ಲಿಷರು 1,500 ಸತ್ತರು. ಒಂದಕ್ಕೆ ಸರಿಯಾಗಿ ಎರಡರಷ್ಟು ಬರುವ ಇಂಥ ದುಂಡು ಸಂಖ್ಯೆಯನ್ನು ತಲೆ ಎಣಿಸಿದ ಲೆಕ್ಕವೆಂದು ಬಳಸಬೇಡ, ದೊಡ್ಡ ಯುದ್ಧ ಎಂದಷ್ಟೇ ತಿಳಿ. ಸಿವಾರ್ಡ್‌ನ ಮಗ ಸತ್ತದ್ದು ಇಂಗ್ಲಿಷ್ ದಾಖಲೆಯಲ್ಲೂ ಇದೆ, ಅದನ್ನು ಪೆನ್ನಿನಲ್ಲಿ ಬರೆ. ನಾಟಕದಲ್ಲಿ ಇದೇ ಕೊನೆಯ ಯುದ್ಧ. ವಾಸ್ತವದಲ್ಲಿ ಮ್ಯಾಕ್‌ಬೆತ್ ಇದಾದ ಮೇಲೂ ಮೂರು ವರ್ಷ ಬದುಕಿದ್ದ. 1057ರ ಆಗಸ್ಟಿನಲ್ಲಿ ಡಂಕನ್‌ನ ಮಗ ಮಾಲ್ಕಮ್ ಅವನನ್ನು ಕೊಂದ, ಸ್ಥಳ ಲಂಫನಾನ್ ಅನ್ನುತ್ತವೆ ರಾಜಾವಳಿಗಳು. ಆದರೂ ಪಟ್ಟ ಮಾಲ್ಕಮ್‌ಗೆ ನೇರವಾಗಿ ಬರಲಿಲ್ಲ, ಗ್ರುವಾಕ್‌ಳ ಮಗ ಲುಲಾಕ್‌ಗೆ ಹೋಯಿತು. 1058ರ ಮಾರ್ಚಿನಲ್ಲಿ ಅವನನ್ನೂ ಕೊಂದರು. ಅಲ್‌ಸ್ಟರ್ ಪ್ರಕಾರ ಯುದ್ಧದಲ್ಲಿ, ಟಿಗರ್ನಾಕ್ ಪ್ರಕಾರ ಮೋಸದಿಂದ. ಎರಡನ್ನೂ ಬರೆದುಕೋ, ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಅಳಿಸಬೇಡ. ಹಾಗೆಯೇ ಅಲ್‌ಸ್ಟರ್ ಆನಲ್ಸ್ ಮ್ಯಾಕ್‌ಬೆತ್‌ನ ಸಾವನ್ನೂ 1058ರಲ್ಲೇ ಹಾಕಿದೆ. ಅಲ್ಲಿ ನಾನು ಮರಿಯಾನಸ್‌ನನ್ನು ಹಿಡಿಯುತ್ತೇನೆ, ಅವನು ತಿಂಗಳುಗಳನ್ನು ಬೇರೆ ಬೇರೆಯಾಗಿ ಕೊಡುತ್ತಾನೆ.

ಇನ್ನು ನೀನು ಬರೆದ ಕಥೆ ಎಲ್ಲಿಂದ ಬಂತು ಅಂತ ಹುಡುಕು. ಗೆದ್ದ ಮಾಲ್ಕಮ್‌ನ ಮಕ್ಕಳು ಮೊಮ್ಮಕ್ಕಳೇ ಮುಂದೆ ಆಳಿದರು. ಲುಲಾಕ್‌ನ ಮಗಳ ಮಗ ಆಂಗಸ್, ಮೊರೆಯ ಒಡೆಯ, 1130ರಲ್ಲಿ ಅವರ ಮೇಲೆ ದಂಡೆತ್ತಿ ಬಂದು ಸ್ಟ್ರಕಾತ್ರೋದಲ್ಲಿ ಸತ್ತ. ಆ ಹಕ್ಕು ಅಷ್ಟು ಕಾಲ ಜೀವಂತವಾಗಿತ್ತು, ಹಾಗಾಗಿ ಮ್ಯಾಕ್‌ಬೆತ್‌ನನ್ನು ಪಟ್ಟ ಕದ್ದವನೆಂದು ತೋರಿಸುವುದು ಆಳುವವರಿಗೆ ಬೇಕಾಗಿತ್ತು. 14ನೇ ಶತಮಾನದಲ್ಲಿ ಇತಿಹಾಸಕಾರ ಫೋರ್ಡನ್ ಬರೆದದ್ದರಲ್ಲಿ, ನಾಟಕದಲ್ಲಿ ಮ್ಯಾಕ್‌ಬೆತ್‌ನನ್ನು ಕೊಲ್ಲುವ ಮ್ಯಾಕ್‌ಡಫ್ ಬರುತ್ತಾನೆ. 15ನೇ ಶತಮಾನದ ಇತಿಹಾಸಕಾರ ವಿಂಟೌನ್‌ನಲ್ಲಿ ಮೂವರು ವಿಚಿತ್ರ ಹೆಂಗಸರು ಬರುತ್ತಾರೆ, ಅದೂ ಕನಸಿನಲ್ಲಿ. 1527ರಲ್ಲಿ ಅಚ್ಚಾದ ಹೆಕ್ಟರ್ ಬೋಯಿಸ್‌ನ ಇತಿಹಾಸದಲ್ಲಿ ಬ್ಯಾಂಕೋ ಹುಟ್ಟುತ್ತಾನೆ, ಸ್ಟುವರ್ಟ್ ರಾಜರ ಮೂಲಪುರುಷನಾಗಿ. ಸ್ಟುವರ್ಟರು ನಿಜವಾಗಿ ಬಂದದ್ದು ಈಗಿನ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಡೋಲ್‌ನಿಂದ, 12ನೇ ಶತಮಾನದಲ್ಲಿ. ಬೋಯಿಸ್‌ನ ಕಥೆ ಇಂಗ್ಲಿಷ್ ಇತಿಹಾಸಕಾರ ಹಾಲಿನ್ಷೆಡ್‌ಗೆ ಹೋಯಿತು, ಅಲ್ಲಿಂದ ಸುಮಾರು 1606ರಲ್ಲಿ ಶೇಕ್ಸ್‌ಪಿಯರ್‌ಗೆ. ಆಗ ಇಂಗ್ಲೆಂಡಿನ ಸಿಂಹಾಸನದಲ್ಲಿದ್ದವನು ಸ್ಟುವರ್ಟ್ ಮನೆತನದ ಜೇಮ್ಸ್.

ಮಲಗಿದ್ದ ರಾಜ, ಕಾವಲಿನವರಿಗೆ ಮತ್ತು ಬರಿಸುವುದು, ಇವು ಹಾಲಿನ್ಷೆಡ್‌ನಲ್ಲಿರುವುದು ಬೇರೊಬ್ಬ ರಾಜನ ಕಥೆಯಲ್ಲಿ! 967ರಲ್ಲಿ ಸತ್ತ ಡಫ್‌ನ ಕಥೆಯಲ್ಲಿ. ನಾಟಕಕಾರ ಎರಡು ಕೊಲೆಗಳನ್ನು ಒಂದು ಮಾಡಿದ, ಅದು ಅವನ ಕಲೆ, ಅವನ ಹಕ್ಕು. ಅದನ್ನು ಇತಿಹಾಸದ ಹಾಳೆಗೆ ತಂದುಕೊಂಡರೆ 967ರ ಸಾಲು 1040ಕ್ಕೆ ಬಂದು ಕೂರುತ್ತದೆ. ಡಫ್‌ನ ಶವವನ್ನು ಕಿನ್‌ಲಾಸ್ ಸೇತುವೆಯ ಕೆಳಗೆ ಬಚ್ಚಿಟ್ಟಿದ್ದರು, ಅದು ಸಿಗುವ ತನಕ ಸೂರ್ಯ ಬೆಳಗಲಿಲ್ಲ ಅನ್ನುವ ಮಾತೂ ರಾಜಾವಳಿಗಳಲ್ಲಿದೆ. ದಂತಕಥೆಯೆಂದು ಬಿಸಾಡುವ ಮೊದಲು ಗ್ರಹಣದ ಪಟ್ಟಿ ನೋಡು: 967ರ ಜುಲೈ 10ರಂದು ಸೂರ್ಯಗ್ರಹಣ ಆಗಿದೆ. ಹೊರಗಿನ ಲೆಕ್ಕವೊಂದು ಹೀಗೆ ತಾಳೆಯಾಗುವುದು ಈ ಕಾಲದ ಇತಿಹಾಸದಲ್ಲಿ ಬಲು ಅಪರೂಪ.

ನಿನ್ನ ಕರಡಿನ ಎರಡನೇ ಪುಟದಲ್ಲಿ 843ರಲ್ಲಿ ಕೆನ್ನೆತ್ ಮ್ಯಾಕಾಲ್ಪಿನ್ ದೇಶ ಒಂದುಗೂಡಿಸಿದ ಅಂತಿದೆಯಲ್ಲ, ಅದಕ್ಕೂ ಇದೇ ಹಾಳೆ ಸಾಕು. 839ರಲ್ಲಿ ವೈಕಿಂಗರು, ಸ್ಕಾಟ್ಲೆಂಡಿನ ಹಳೆಯ ಜನಾಂಗವಾದ ಪಿಕ್ಟರ ಅರಸು ಮಕ್ಕಳನ್ನು ಯುದ್ಧದಲ್ಲಿ ಕೊಂದದ್ದರಿಂದ ಶುರುಮಾಡು. 858ರಲ್ಲಿ ಸತ್ತಾಗ ಕೆನ್ನೆತ್ ಪಿಕ್ಟರ ರಾಜ. ಅವನ ತಮ್ಮನೂ ಇಬ್ಬರು ಮಕ್ಕಳೂ ಸತ್ತಾಗ ಪಿಕ್ಟರ ರಾಜರೇ. ಆಲ್ಬಾದ ರಾಜ ಅನ್ನುವ ಬಿರುದು ಅಲ್‌ಸ್ಟರ್ ಆನಲ್ಸ್‌ನಲ್ಲಿ ಮೊದಲು ಕಾಣುವುದು 900ರಲ್ಲಿ, ಮೊಮ್ಮಗ 2ನೇ ಡೊನಾಲ್ಡ್ ಸತ್ತಾಗ. ನಡುವಿನ ಅರುವತ್ತು ವರ್ಷವನ್ನು ಒಬ್ಬನ ಲೆಕ್ಕಕ್ಕೆ ಬರೆಯಬೇಡ.

ಹಾಳೆ ತುಂಬಿದ ಮೇಲೆ ಫೋಟೋ ತೆಗೆದು ಕಳಿಸು. 1032 ಮತ್ತು 1033ರ ಸಾಲುಗಳನ್ನು ಒಂದರ ಕೆಳಗೊಂದು ಬರೆ, ಗ್ರುವಾಕ್‌ಳ ಗಂಡನೂ ತವರಿನ ಕುಡಿಯೂ ಎರಡೇ ವರ್ಷದಲ್ಲಿ ಹೋದದ್ದು ಆಗ ಕಾಣುತ್ತದೆ. ಪ್ರಬಂಧವನ್ನು ಅಲ್ಲಿಂದ ಶುರುಮಾಡಿದರೆ ಹೇಗೆ ಅಂತ ಯೋಚಿಸು. ಪೆನ್ಸಿಲ್ ಸಾಲುಗಳ ಬಗ್ಗೆ ಭಾನುವಾರ ಮಾತಾಡೋಣ.

ಪ್ರೀತಿಯಿಂದ,
ಅಪ್ಪ