ಕಪೊಯೆರಾ ತರಗತಿಯ ಬಗ್ಗೆ 6 ಮತ್ತು 7ನೇ ತರಗತಿಯ ಪೋಷಕರಿಗೆ

ಪ್ರಿಯ ಪೋಷಕರೇ, ನಮಸ್ಕಾರ.

ಕಳೆದ ಶುಕ್ರವಾರ ಊಟದ ಬಿಡುವಿನಲ್ಲಿ ಏಳನೇ ತರಗತಿಯ ಇಬ್ಬರು ಹುಡುಗರು ಕಾರಿಡಾರಿನಲ್ಲಿ, ನಾವು ಪಿ.ಟಿ. ಹೊತ್ತಿನಲ್ಲಿ ಕಲಿಸುತ್ತಿರುವ ಬ್ರೆಜಿಲ್ ದೇಶದ ಕಪೊಯೆರಾದಂತೆ, ಕಾಲು ಬೀಸಿ ಆಡುತ್ತಿದ್ದಾಗ ಒಬ್ಬನ ಕನ್ನಡಕ ಒಡೆಯಿತು. ಪುಣ್ಯಕ್ಕೆ ಗಾಯವಾಗಲಿಲ್ಲ. ಕನ್ನಡಕದ ಖರ್ಚನ್ನು ಶಾಲೆಯೇ ಕೊಟ್ಟಿದೆ. ಆಮೇಲೆ ನಿಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆದ ಚರ್ಚೆಯೂ ನನ್ನ ಕಿವಿಗೆ ಬಿದ್ದಿದೆ. ‘ಪಿ.ಟಿ. ಪೀರಿಯಡ್‌ನಲ್ಲಿ ಒದೆಯೋದು ಕಲಿಸ್ತಾರೆ’ ಅಂತ ಒಬ್ಬರು. ‘ಕಬಡ್ಡಿ, ಖೋಖೋ ಸಾಲದಾ’ ಅಂತ ಇನ್ನೊಬ್ಬರು.

ಸೋಮವಾರ ಒಬ್ಬ ಅಜ್ಜಿ ನೇರ ಆಫೀಸಿಗೇ ಬಂದರು. ‘ಮೊಮ್ಮಗಳು ಇವತ್ತು ಹೋಡಾ ಇತ್ತು ಅಂತಾಳೆ. ಏನಮ್ಮ ಇದು, ಹೊಡಿ ಬಡಿ?’ ಎಂದು ಕೇಳಿದರು. ನಗು ಬಂದರೂ ತಡೆದುಕೊಂಡೆ. ಹೋಡಾ ಎಂದರೆ ಪೋರ್ಚುಗೀಸಿನಲ್ಲಿ ಚಕ್ರ. ಮಕ್ಕಳೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟಿ ಹಾಡುತ್ತಾರಲ್ಲ, ಆ ವೃತ್ತಕ್ಕೆ ಹಾಗೆನ್ನುತ್ತಾರೆ. ಹೊಡೆಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಗಂತ ಕಪೊಯೆರಾ ಬರೀ ಕುಣಿತ ಎಂದು ಹೇಳಿ ನಿಮ್ಮನ್ನು ಸಮಾಧಾನ ಮಾಡಲಾರೆ. ಅದು ಕಾಳಗದ ಕಲೆಯೇ. ಆಫ್ರಿಕಾದಿಂದ ಬ್ರೆಜಿಲ್‌ಗೆ ಗುಲಾಮರಾಗಿ ಒಯ್ದ ಜನರ ನಡುವೆ ಬೆಳೆದದ್ದು. 1888ರಲ್ಲಿ ಅಲ್ಲಿ ಗುಲಾಮಗಿರಿ ರದ್ದಾಯಿತು. ಎರಡೇ ವರ್ಷಕ್ಕೆ, 1890ರ ದಂಡಸಂಹಿತೆಯಲ್ಲಿ, ಬೀದಿಯಲ್ಲಿ ಕಪೊಯೆರಾ ಆಡುವುದೇ ಅಪರಾಧವಾಯಿತು. ನಿಮ್ಮ ಭಯ ಹೊಸದಲ್ಲ ನೋಡಿ, ಸರ್ಕಾರಕ್ಕೇ ಇತ್ತು! 1932ರಲ್ಲಿ ಸಾಲ್ವಡಾರ್ ನಗರದಲ್ಲಿ ಮೆಸ್ತ್ರೆ ಬಿಂಬಾ ಎಂಬ ಗುರು ಇದಕ್ಕೊಂದು ಶಾಲೆ ತೆರೆದರು. 2014ರಲ್ಲಿ ಯುನೆಸ್ಕೊ ಈ ಹೋಡಾವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ದೊಡ್ಡವರ ಆಟದಲ್ಲಿ ಕಾಲು ಕೊಟ್ಟು ಬೀಳಿಸುವುದು, ತಲೆಯಿಂದ ಗುದ್ದುವುದು ಉಂಟು. ನಮ್ಮ ಮಕ್ಕಳಿಗೆ ಅದನ್ನು ಕಲಿಸುತ್ತಿಲ್ಲ. ಮುಂದೆಯೂ ಕಲಿಸುವುದಿಲ್ಲ.

ಹಾಗಾದರೆ ಕಲಿಸುವುದೇನು? ಮೊದಲ ಮೂರು ವಾರ ಬರೀ ಜಿಂಗಾ, ಅಂದರೆ ತಾಳಕ್ಕೆ ಸರಿಯಾಗಿ ಕಾಲು ಹಿಂದೆ ಮುಂದೆ ಹಾಕಿ ತೂಗುವುದು. ಆಮೇಲೆ ಬಗ್ಗಿ ತಪ್ಪಿಸಿಕೊಳ್ಳುವುದು. ಕಾಲು ಬೀಸುವುದು ಕೊನೆಗೆ, ಅದೂ ತಾಗದಷ್ಟು ದೂರದಲ್ಲಿ. ತಾಗಿಸಿದವರು ಆಟದಿಂದ ಹೊರಗೆ. ಮತ್ತೆ ಹೇಳುತ್ತೇನೆ, ತಾಗಿಸಿದವರು ಹೊರಗೆ.

ಹೋಡಾದಲ್ಲಿ ಯಜಮಾನಿಕೆ ಬೆರಿಂಬಾವ್‌ನದು. ಇದೊಂದು ವಾದ್ಯ: ಬಿಲ್ಲಿನಂತೆ ಬಗ್ಗಿಸಿದ ಕೋಲು, ಒಂದೇ ಉಕ್ಕಿನ ತಂತಿ, ಕೆಳಗೆ ಒಣಗಿದ ಸೋರೆ ಬುರುಡೆ. ಬುರುಡೆಯ ಬಾಯನ್ನು ಹೊಟ್ಟೆಗೆ ಒತ್ತಿದರೆ ನಾದ ಮುಚ್ಚಿಕೊಳ್ಳುತ್ತದೆ, ದೂರ ಸರಿಸಿದರೆ ಬಿಚ್ಚಿಕೊಳ್ಳುತ್ತದೆ. ಅದು ನಿಧಾನವಾದರೆ ಆಟ ನಿಧಾನ. ಅದು ಕರೆದರೆ ನಡುವೆ ಆಡುತ್ತಿರುವ ಇಬ್ಬರೂ ನಿಲ್ಲಬೇಕು. ಕ್ಲಾಸಿನಲ್ಲಿ ಐದು ನಿಮಿಷ ಸುಮ್ನೆ ಕೂರದ ಹುಡುಗ ಆ ತಂತಿಯ ಸದ್ದಿಗೆ ಕಾಲು ಎತ್ತಿದಲ್ಲೇ ನಿಂತದ್ದನ್ನು ನಾನೇ ನೋಡಿದ್ದೇನೆ. ಶುಕ್ರವಾರ ಕಾರಿಡಾರಿನಲ್ಲಿ ಬೆರಿಂಬಾವ್ ಇರಲಿಲ್ಲ, ಮೇಷ್ಟ್ರೂ ಇರಲಿಲ್ಲ. ಅದು ನಮ್ಮ ತಪ್ಪೇ. ಬಿಡುವಿನ ಹೊತ್ತಿಗೆ ಈಗ ಒಬ್ಬ ಶಿಕ್ಷಕರು ಅಲ್ಲಿರುತ್ತಾರೆ. ಹೋಡಾದ ಹೊರಗೆ ಕಾಲು ಎತ್ತಿದವರು ಎರಡು ವಾರ ಆಡುವಂತಿಲ್ಲ.

ದೂರದ ದೇಶದ್ದು ನಮಗ್ಯಾಕೆ ಎಂದವರಿಗೆ ಒಂದು ಮಾತು. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಹಿರೀಕರೂ ಆಫ್ರಿಕಾದವರು. ಅವರಲ್ಲಿ ಹಲವರನ್ನು ಗೋವಾಕ್ಕೆ ಗುಲಾಮರಾಗಿ ತಂದವರು ಇದೇ ಪೋರ್ಚುಗೀಸರು. ಬೆರಿಂಬಾವ್ ಜೊತೆಗೆ ಸಿದ್ದಿಗಳ ಡಮಾಮಿ ಎಂಬ ಡೋಲಿನ ಕುಣಿತದ ಬಗ್ಗೆಯೂ ಸಮಾಜ ವಿಜ್ಞಾನದ ಟೀಚರ್ ಪಾಠ ಮಾಡುತ್ತಿದ್ದಾರೆ. ಕಬಡ್ಡಿ, ಖೋಖೋ ಎಲ್ಲೂ ಹೋಗಿಲ್ಲ. ವಾರದ ಮೂರು ಪೀರಿಯಡ್‌ಗಳಲ್ಲಿ ಇದಕ್ಕೆ ಒಂದೇ.

ಶುರು ಮಾಡುವ ಮೊದಲೇ ನಿಮಗೆ ಬರೆಯಬೇಕಿತ್ತು, ಬರೆಯಲಿಲ್ಲ. ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಮಗು ಬೇಡ ಎಂದರೆ ಆ ಹೊತ್ತು ಖೋಖೋ ಆಡಬಹುದು, ಬಲವಂತವಿಲ್ಲ. ಆದರೆ ತರಗತಿ ನಿಲ್ಲಿಸುವುದಿಲ್ಲ.

ಗುರುವಾರ ಮಕ್ಕಳನ್ನು ಟ್ರ್ಯಾಕ್ ಪ್ಯಾಂಟ್ ಹಾಕಿ, ವಾಚು ಬಳೆ ತೆಗೆಸಿ ಕಳಿಸಿ.

ಬರುವ ಶನಿವಾರ ಬೆಳಿಗ್ಗೆ 9 ಗಂಟೆಗೆ ಮೈದಾನದಲ್ಲಿ ಹೋಡಾ ಇದೆ, ಬಂದು ನೋಡಿ. ಆ ಅಜ್ಜಿ ಬರುತ್ತೇನೆ ಎಂದಿದ್ದಾರೆ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ